ಹದಿಮೂರು ತೂಕ

ಮಂಡಿಪೇಟೆಯ ಮುರುಗೇಶಪ್ಪನವರ ದಲಾಲಿ ಅಂಗಡಿಯಲ್ಲಿ ಸಣ್ಣಬೀರಪ್ಪ ಕಾಟಾದ ಮುಂದೆ ನಿಂತು ಇಪ್ಪತ್ತೆಂಟು ವರ್ಷವಾಗಿತ್ತು. ಅದಕ್ಕೂ ಮೊದಲು ಹತ್ತು ವರ್ಷ ಅದೇ ಅಂಗಡಿಯಲ್ಲಿ ಚೀಲ ಹೊತ್ತಿದ್ದ. ಕಾಟಾ ಎಂದರೆ ನೆಲಕ್ಕೆ ಕೂತ ಒಂದು ಕಬ್ಬಿಣದ ಹಲಗೆ, ಅದರ ತಲೆಗೊಂದು ಅಡ್ಡಪಟ್ಟಿ, ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಯುವ ಗುಂಡು. ರೈತ ತಂದ ಚೀಲ ಹಲಗೆಯ ಮೇಲೆ ಬಿದ್ದ ಕೂಡಲೇ ಸಣ್ಣಬೀರಪ್ಪನ ಬೆರಳು ಗುಂಡು ಸರಿಸುತ್ತಿತ್ತು, ಕಣ್ಣು ಗೀರು ನೋಡುತ್ತಿತ್ತು, ಬಾಯಿ ತೂಕ ಕೂಗುತ್ತಿತ್ತು. ಕೂಗಿದ್ದನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ. ಗೀರಿನ ಕಡೆ ಬಗ್ಗಿ ನೋಡುವ ಅಭ್ಯಾಸ ಬೇರೆ ಯಾರಿಗೂ ಇರಲಿಲ್ಲ.

ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಆಮೇಲೆ ಹೊರಗೆ ತೆಗೆದರೆ ಕಥೆ ಹೇಳುವವನಿಗೂ ಮೋಸಗಾರನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಗೀರು ಎಪ್ಪತ್ತೆರಡು ತೋರಿಸಿದರೆ ಸಣ್ಣಬೀರಪ್ಪ ಎಪ್ಪತ್ತು ಎಂದು ಕೂಗುತ್ತಿದ್ದ. ಆ ಎರಡು ಕಿಲೋಗೆ ಪೇಟೆಯಲ್ಲಿ ಸೂಟು ಎನ್ನುತ್ತಾರೆ. ಗೋಣಿಚೀಲದ ಭಾರ, ಕಸ, ಕಲ್ಲು, ತೇವ ಎಂದು ಅದಕ್ಕೆ ಕಾರಣಗಳೂ ಇದ್ದವು, ಕೇಳುವವರು ಮಾತ್ರ ಇರಲಿಲ್ಲ. ಮುರುಗೇಶಪ್ಪನವರ ತಂದೆಯ ಕಾಲದಿಂದ ನಡೆದು ಬಂದದ್ದು. ಮುರುಗೇಶಪ್ಪನವರು ಕೆಟ್ಟವರಲ್ಲ, ಮಠದ ದಾಸೋಹಕ್ಕೆ ವರ್ಷಕ್ಕೆ ಇಷ್ಟು ಅಕ್ಕಿ ಎಂದು ಮುಟ್ಟಿಸುವವರು, ಸೋಮವಾರ ಒಪ್ಪೊತ್ತು ಮಾಡುವವರು. ಸೂಟು ಅವರಿಗೆ ಸುಳ್ಳು ಅನ್ನಿಸಿಯೇ ಇರಲಿಲ್ಲ. ಸಣ್ಣಬೀರಪ್ಪನಿಗೆ ಮೊದಮೊದಲು ನಾಲಿಗೆ ತೊಡರುತ್ತಿತ್ತು. ಅದು ನಿಂತು ಎಷ್ಟು ವರ್ಷವಾಯಿತೆಂದು ಅವನಿಗೇ ಮರೆತುಹೋಗಿತ್ತು. ಈಗ ಕಳೆಯುವ ಕೆಲಸ ತಲೆಯದೂ ಅಲ್ಲ, ಬರೀ ಬಾಯಿಯದು.

ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲದ ಏಪ್ರಿಲ್ ತಿಂಗಳಲ್ಲಿ ಮುರುಗೇಶಪ್ಪನವರ ಹೆಂಡತಿ ಅಕ್ಕನಾಗಮ್ಮನಿಗೆ ಎದೆಯ ಕವಾಟ ಕೆಟ್ಟಿದೆ ಎಂದು ಗೊತ್ತಾಯಿತು. ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಿ, ಆದರೆ ದಾರಿಯಲ್ಲಿ ಕುಲುಕಿಸಬೇಡಿ ಎಂದರು ಡಾಕ್ಟರು. ಆಗಿನ ಪೂನಾ–ಬೆಂಗಳೂರು ರಸ್ತೆಯಲ್ಲಿ ಕುಲುಕದೆ ಹೋಗುವುದೆಂದರೆ ನೀರಿಗಿಳಿದು ನೆನೆಯದೆ ಬರುವ ಮಾತು. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಮುರುಗೇಶಪ್ಪನವರ ಅಣ್ಣನ ಮಗ ನಾಗಭೂಷಣ್ ಬೆಂಗಳೂರಿನಿಂದ ಫೋನ್ ಮಾಡಿದ. ಅವನದು ಗ್ರಾನೈಟ್ ವ್ಯಾಪಾರ, ಅವನ ಪಾಲುದಾರನ ಹತ್ತಿರ ನಾಲ್ಕು ಸೀಟಿನ ಪುಟ್ಟ ವಿಮಾನವೊಂದಿತ್ತು.

"ಕಾಕಾ, ಹರಿಹರದಾಗೆ ಕಾರ್ಖಾನೆಯವರ ವಿಮಾನದ ಬಯಲು ಐತಲ್ಲ, ಅಲ್ಲಿಗೆ ನಾಳೆ ಮಧ್ಯಾಹ್ನ ಕಳಿಸ್ತೀನಿ. ಒಂದು ತಾಸಿನಾಗೆ ಕಾಕಿ ಇಲ್ಲಿರ್ತಾರೆ," ಎಂದ. "ಆದ್ರೆ ಒಂದು ಮಾತು. ಇಬ್ಬರು ಮನುಷ್ಯರು, ಸಾಮಾನು, ಎಲ್ಲಾ ಸೇರಿ ಇನ್ನೂರು ಕಿಲೋ ದಾಟಂಗಿಲ್ಲ ಅಂತ ಪೈಲಟ್ ಹೇಳ್ಯಾನೆ. ಈ ಬಿಸಿಲಿಗೆ ವಿಮಾನ ಸಲೀಸಾಗಿ ಏಳಲ್ಲಂತೆ, ಅಲ್ಲಿ ಓಡೋ ದಾರೀನೂ ಗಿಡ್ಡ. ಸರಿಯಾಗಿ ತೂಗಿಸಿ ಚೀಟಿ ಕೊಡ್ರಿ."

"ತೂಗೋದನ್ನ ನಮಗೆ ಹೇಳಿಕೊಡ್ತೀಯೇನಪ್ಪ?" ಎಂದು ಮುರುಗೇಶಪ್ಪನವರು ನಕ್ಕರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು.

ಮರುದಿನ ಬೆಳಿಗ್ಗೆ ಅಂಗಡಿಯ ವ್ಯಾಪಾರ ನಿಲ್ಲಿಸಿ ಕಾಟಾ ಒರೆಸಿ ಇಟ್ಟರು. ಅಂಗಡಿಯ ಹಿಂದಿನ ಮನೆಯಿಂದ ಗಂಟುಗಳು ಒಂದೊಂದಾಗಿ ಬಂದವು. ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು ಒಂದು ತಿಂಗಳು ಇರಬೇಕು, ಅಕ್ಕನಾಗಮ್ಮ ಹೋಟೆಲಿನ ನೀರನ್ನೂ ಮುಟ್ಟುವವಳಲ್ಲ. ಹೀಗಾಗಿ ಜೋಳದ ಹಿಟ್ಟು, ಚಟ್ನಿಪುಡಿ, ತುಪ್ಪ, ಗ್ಯಾಸಿನ ಒಲೆ, ಪಾತ್ರೆ, ಹಾಸಿಗೆ, ಲಿಂಗಪೂಜೆಯ ಸಾಮಾನು, ಹೀಗೆ ಹದಿನಾಲ್ಕು ಗಂಟು. ಜೊತೆಗೆ ಹೋಗುವವಳು ಮಗಳು ನಯನಾ. ಕಾಲೇಜಿನಲ್ಲಿ ಪಾಠ ಮಾಡುವವಳು, ಇನ್ನೂ ಮದುವೆಯಾಗಿರಲಿಲ್ಲ. ಅವಳು ಒಂದು ಬಣ್ಣದ ಪೆನ್ನು ಹಿಡಿದು ಕಾಟಾದ ಪಕ್ಕ ನಿಂತಳು.

"ಅವ್ವಾ, ಬೀಸೋಕಲ್ಲು ಒಂದು ಬಿಟ್ಟೀ ನೋಡು," ಎಂದು ನಯನಾ ಕಿಚಾಯಿಸಿದಳು.

"ಅದನ್ನೂ ತಗೊಂಡೇನು, ನಿನ್ನ ಇಳಿಸಿದ್ರೆ," ಎಂದಳು ಅಕ್ಕನಾಗಮ್ಮ.

ಮೊದಲು ಅವಳನ್ನೇ ತೂಗಬೇಕಾಗಿತ್ತು. ಮಗಳ ತೋಳು ಹಿಡಿದು ಹಲಗೆ ಹತ್ತಿದಳು, ಆಮೇಲೆ ತೋಳು ಬಿಟ್ಟು ನೆಟ್ಟಗೆ ನಿಂತಳು. ಅಷ್ಟಕ್ಕೇ ಉಸಿರು ಹತ್ತಿತ್ತು. ಸಣ್ಣಬೀರಪ್ಪನಿಗೆ ಕಣ್ಣು ಮಂಜಾಯಿತು. ಮೂವತ್ತೆಂಟು ವರ್ಷ ಅವಳ ಕೈಯ ಬಿಸಿರೊಟ್ಟಿ ತಿಂದವನು. ಅವನ ಹೆಂಡತಿ ಕೆಂಚಕ್ಕ ಹೆರಿಗೆಯಲ್ಲಿ ರಕ್ತ ಹೋಗಿ ಮಾತು ನಿಂತಾಗ, ಅಂಗಡಿಯ ಜೀಪು ತೆಗೆಸಿ, ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಒಯ್ದವಳು ಅಕ್ಕನಾಗಮ್ಮ. ಸೀರೆಯೆಲ್ಲ ರಕ್ತವಾಗಿದ್ದರೂ ಮಾರನೇ ದಿನದ ತನಕ ಅಲ್ಲಿಂದ ಎದ್ದಿರಲಿಲ್ಲ. ಹೆತ್ತ ತಾಯಿಗಿಂತ ಹೆಚ್ಚು ಎಂದು ಅವನು ಸುಮ್ಮನೆ ಬಾಯಿಮಾತಿಗೆ ಹೇಳುತ್ತಿರಲಿಲ್ಲ.

"ಯಾಕೋ ಸಣ್ಣಬೀರ, ಕಡಲೆ ಚೀಲದಂಗೆ ಕಾಣ್ತೀನೇನು? ಹೇಳೋ ತೂಕ," ಎಂದಳು.

"ಎಪ್ಪತ್ತು!" ಎಂದು ಕೂಗಿದ.

"ಐವತ್ತಾರು!" ಇದು ನಯನಾ ಹತ್ತಿ ನಿಂತಾಗ ಅವನು ಕೂಗಿದ್ದು.

ಆಮೇಲೆ ಗಂಟುಗಳು. ಅವನು ಕೂಗುತ್ತ ಹೋದ, ನಯನಾ ಪ್ರತಿ ಗಂಟಿನ ಮೇಲೂ ಅಂಕಿ ಬರೆದು ಚೀಟಿಗೂ ಇಳಿಸಿಕೊಂಡಳು. ಎಲ್ಲ ಕೂಡಿಸಿದಾಗ ಇನ್ನೂರ ಹದಿನೇಳು ಆಯಿತು. ತಾಯಿಮಗಳ ನಡುವೆ ಸ್ವಲ್ಪ ಜಗಳವಾಗಿ ಮೂರು ಗಂಟು ಕೆಳಗಿಳಿದವು. ನೂರ ತೊಂಬತ್ತೊಂಬತ್ತಕ್ಕೆ ಬಂತು. ಒಂದು ಕಿಲೋ ಉಳಿಸಿದೆವು ಎಂದು ಮುರುಗೇಶಪ್ಪನವರು ಖುಷಿಪಟ್ಟು ಚೀಟಿಗೆ ಅಂಗಡಿಯ ಮುದ್ರೆ ಒತ್ತಿಸಿದರು. ವಿಮಾನಕ್ಕೆ ಮುದ್ರೆ ಏನು ಬೇಕಾಗಿತ್ತೋ, ಅವರ ಸಮಾಧಾನಕ್ಕೆ ಬೇಕಾಗಿತ್ತು.

ಇಬ್ಬರು ಮನುಷ್ಯರು, ಹನ್ನೊಂದು ಗಂಟು. ಹದಿಮೂರು ತೂಕ.

ಹರಿಹರದ ವಿಮಾನದ ಬಯಲು ಊರಾಚೆ ಇತ್ತು. ಉದ್ದಕ್ಕೆ ಒಂದು ಡಾಂಬರು ಪಟ್ಟಿ, ಸುತ್ತ ತಂತಿ ಬೇಲಿ, ಪಟ್ಟಿ ಮುಗಿದ ಮೇಲೆ ಒಂದು ಸಾಲು ಜಾಲಿಮರ, ಅದರಾಚೆ ಕಬ್ಬಿನ ಗದ್ದೆ. ಎರಡು ಕಾರಿನಲ್ಲಿ ಇವರು ಹೋಗಿ ಇಳಿಯುವ ಹೊತ್ತಿಗೆ ವಿಮಾನ ಬಂದು ನಿಂತಿತ್ತು. ಹರಿಹರದ ಗಿರಣಿಗೆ ಬಂದಿದ್ದ ಕೊಕ್ಕನೂರಿನ ಏಳೆಂಟು ಜನ ರೈತರು ವಿಮಾನ ನೋಡಲೆಂದೇ ಟ್ರ್ಯಾಕ್ಟರ್ ನಿಲ್ಲಿಸಿ ಬೇಲಿಗೆ ಆತುಕೊಂಡಿದ್ದರು. ಅವರಲ್ಲಿ ಕಾಟಪ್ಪ ಎಂಬುವನು ವರ್ಷವರ್ಷವೂ ಮುರುಗೇಶಪ್ಪನವರ ಅಂಗಡಿಗೇ ಮೆಕ್ಕೆಜೋಳ ಹಾಕುವವನು. ಸಾಹುಕಾರರನ್ನು ಕಂಡು ಟವೆಲ್ ತೆಗೆದು ಕೈಮುಗಿದ. ಮುರುಗೇಶಪ್ಪನವರು ಅವರ ಹತ್ತಿರವೇ ಜಾಲಿಯ ನೆರಳಲ್ಲಿ ನಿಂತರು.

ಪೈಲಟ್ ಮರಾಠಿ ಕಡೆಯವನು, ಮೂವತ್ತು ದಾಟಿರಲಿಲ್ಲ. ಚೀಟಿ ನೋಡಿ, ಮುದ್ರೆ ನೋಡಿ ನಕ್ಕ.

"ವಜನ್ ಬರಾಬರ್ ಹೈ ನಾ?" ಎಂದು ಸಣ್ಣಬೀರಪ್ಪನನ್ನೇ ಕೇಳಿದ.

"ಏಕ್‌ದಂ ಬರಾಬರ್ ಸಾಬ್," ಎಂದ ಸಣ್ಣಬೀರಪ್ಪ, ಎದೆಯುಬ್ಬಿಸಿ. ಅವನು ಸುಳ್ಳು ಹೇಳಲಿಲ್ಲ. ಆ ಕ್ಷಣಕ್ಕೆ ಅದು ಅವನಿಗೆ ನಿಜವೇ ಆಗಿತ್ತು.

ಕಾರಿನಿಂದ ವಿಮಾನಕ್ಕೆ ಗಂಟು ಸಾಗಿಸುವ ಕೆಲಸ ಅವನದೇ. ಬೆಳಿಗ್ಗೆ ಅವನ್ನು ಕಾರಿಗೆ ತುಂಬಿದವರು ಅಂಗಡಿಯ ಹಮಾಲರು, ಅವನು ಮುಟ್ಟಿರಲಿಲ್ಲ. ಮೊದಲು ಎತ್ತಿದ್ದು ಹಿಟ್ಟಿನ ಗಂಟು, ಮೇಲೆ ಹನ್ನೆರಡು ಎಂದು ಬರೆದಿತ್ತು. ಹೆಗಲಿಗೆ ಹಾಕಿಕೊಂಡಾಗ ಹೆಗಲು ಹದಿನಾಲ್ಕು ಎಂದಿತು. ವಯಸ್ಸಾಯಿತು ನನಗೆ ಅಂದುಕೊಂಡು ನಡೆದ. ಎರಡನೆಯದರ ಮೇಲೆ ಐದು ಎಂದಿತ್ತು, ಕೈ ಏಳು ಎಂದಿತು. ಮೂರನೆಯದು ಒಲೆ, ಆರು ಎಂದು ಬರೆದಿತ್ತು, ಅದು ಎಂಟು. ಹತ್ತು ವರ್ಷ ಚೀಲ ಹೊತ್ತ ಹೆಗಲಿಗೆ ಯಾರೂ ಮಂಕುಬೂದಿ ಎರಚಲಾರರು. ನಾಲ್ಕನೆಯ ಗಂಟೂ ಎರಡು ಕಿಲೋ ಹೆಚ್ಚಿತ್ತು.

ನಾನು ಸೂಟು ತೆಗೆದಿದ್ದೇನೆ, ಎಂದು ಅವನಿಗೆ ಗೊತ್ತಾಯಿತು. ಅವ್ವಾರ ಮೈಯಿಂದಲೂ ತೆಗೆದಿದ್ದೇನೆ.

ಹದಿಮೂರು ತೂಕ, ಒಂದೊಂದಕ್ಕೆ ಎರಡು. ಇಪ್ಪತ್ತಾರು ಕಿಲೋ. ಲೆಕ್ಕ ಸಲೀಸಾಗಿ ಬಂತು, ಕಾಲು ಮಾತ್ರ ನಡೆಯುತ್ತಲೇ ಇತ್ತು, ಕೈ ಗಂಟು ಹೊರುತ್ತಲೇ ಇತ್ತು. ದುಡಿದ ಮೈಯ ಗತಿಯೇ ಇಷ್ಟು, ತಲೆ ಬೇಡವೆಂದರೂ ಕೆಲಸ ಬಿಡುವುದಿಲ್ಲ. ಕೊನೆಯ ಗಂಟು ಒಳಗಿಡುವಾಗ ಅಕ್ಕನಾಗಮ್ಮ ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು, ಪಕ್ಕದಲ್ಲಿ ನಯನಾ.

"ಉಂಡೆಯೇನೋ? ಮುಖ ಯಾಕ ಹಂಗಾಗೈತೆ?" ಎಂದು ಅಕ್ಕನಾಗಮ್ಮ ಕೇಳಿದಳು.

ಅಲ್ಲೇ ಹೇಳಬಹುದಿತ್ತು. ಅವ್ವಾರೆ ಇಳೀರಿ, ತೂಕ ತಪ್ಪೈತೆ ಎಂದರೆ ನಾಲ್ಕೇ ಮಾತು. ಆದರೆ ಹೇಗೆ ತಪ್ಪಿತು ಎಂದು ಕೇಳುತ್ತಾರೆ. ಆ ಮಾತನ್ನು ಅವನು ಮೂವತ್ತೆಂಟು ವರ್ಷದಲ್ಲಿ ಹೊರಗಿನವರ ಮುಂದೆ ಒಂದು ಸಲವೂ ಆಡಿರಲಿಲ್ಲ. ಸೂಟಿನ ಮಾತು ಸಾಹುಕಾರರದು, ಅವರ ಅಪ್ಪಣೆಯಿಲ್ಲದೆ ಬಾಯಿಗೆ ಬರುವುದಿಲ್ಲ. ಮೊದಲು ಅವರಿಗೆ ಹೇಳಬೇಕು, ಅವರು ನಿಲ್ಲಿಸುತ್ತಾರೆ ಎಂದುಕೊಂಡ. ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಆದರೆ ಸಿಟ್ಟು ಮಾಡುವ ನಾವು ಯಾರ ಅಪ್ಪಣೆಗೂ ಕಾಯದವರೇನಲ್ಲ.

"ಬರ್ತೀನಿ ಅವ್ವಾರೆ," ಎಂದಷ್ಟೇ ಹೇಳಿ ಬೇಲಿಯ ಕಡೆ ಓಡಿದ.

ನೂರು ಹೆಜ್ಜೆ ದೂರ. ಅರವತ್ತರ ಹತ್ತಿರದ ಕಾಲು. ಅವನು ಮುಟ್ಟುವುದರೊಳಗೆ ಹಿಂದೆ ಬಾಗಿಲು ಹಾಕಿದ ಸದ್ದಾಯಿತು, ಎಂಜಿನ್ ಕೆಮ್ಮಿ ಶುರುವಾಯಿತು.

"ಸಾವ್ಕಾರ್ರೆ, ನಿಲ್ಲಿಸ್ರಿ. ತೂಕ... ಬೆಳಿಗ್ಗೆ ನಾನು..."

"ಏನೋ?"

"ಸೂಟು ತೆಗ್ದೀನ್ರಿ. ಎಲ್ಲಾದ್ರಾಗೂ ಸೂಟು..."

ಮುರುಗೇಶಪ್ಪನವರ ಮುಖ ಬಿಗಿಯಿತು. ಅವರ ಮೊಣಕೈ ಪಕ್ಕದಲ್ಲೇ ಕಾಟಪ್ಪ, ಕಾಟಪ್ಪನ ಹಿಂದೆ ಕೊಕ್ಕನೂರಿನ ಏಳು ಜನ, ಏಳು ಜನರ ಹದಿನಾಲ್ಕು ಕಿವಿ. ಸಾಹುಕಾರರ ಕೈ ತಾನಾಗಿ ಮೇಲೆದ್ದು ಸಣ್ಣಬೀರಪ್ಪನ ಭುಜ ಅಮುಕಿತು.

"ಬಾಯಿ ಮುಚ್ಚೋ. ಜನ ಅದಾರೆ ಕಾಣಲ್ವಾ? ಅಂಗಡಿ ಮಾತು ಅಂಗಡ್ಯಾಗೆ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಆಮೇಲೆ ರೈತರ ಕಡೆ ತಿರುಗಿ ನಕ್ಕರು. "ನಮ್ಮ ಸಣ್ಣಬೀರಗೆ ಅವ್ವಾರು ಹೊಂಟಿದ್ದಕ್ಕೆ ತಲೆ ಕೆಟ್ಟೈತೆ."

ಸಣ್ಣಬೀರಪ್ಪ ಬಾಯಿ ಮುಚ್ಚಿದ. ಹೌದು, ಮುಚ್ಚಿದ. ಅರ್ಧ ನಿಮಿಷವಿರಬಹುದು, ಒಂದು ನಿಮಿಷವಿರಬಹುದು. ಅಷ್ಟರಲ್ಲಿ ವಿಮಾನ ತಿರುಗಿ ಪಟ್ಟಿಯ ಆ ತುದಿಗೆ ಹೋಗಿತ್ತು. ಸಾಹುಕಾರರ ನಗು ನಿಧಾನವಾಗಿ ಮುಖದಿಂದ ಇಳಿಯುವುದನ್ನು ಅವನು ನೋಡಿದ. ಅವರ ತುಟಿ ಅಲುಗಾಡಿತು. ಅವರೂ ಎಣಿಸುತ್ತಿದ್ದರು.

"ಎಲ್ಲಾದ್ರಾಗೂ?" ಎಂದರು.

"ಹೂನ್ರಿ. ಅವ್ವಾರ ತೂಕದಾಗೂ. ಇಪ್ಪತ್ತಾರು ಕಿಲೋ ಹೆಚ್ಚೈತೆ."

ಅರವತ್ತೈದು ವರ್ಷದ ಮುರುಗೇಶಪ್ಪನವರು ಬೇಲಿಯ ಗೇಟು ತಳ್ಳಿ ಡಾಂಬರಿನ ಮೇಲೆ ಓಡಿದರು. ಧೋತ್ರದ ಚುಂಗು ಬಿಚ್ಚಿತು. ಹೆಗಲ ಮೇಲಿನ ಶಲ್ಯ ಕಿತ್ತು ತಲೆಯ ಮೇಲೆ ಬೀಸತೊಡಗಿದರು. "ನಿಲ್ಸೋ! ಏ ನಿಲ್ಸೋ!" ಎಂದು ಕೂಗಿದರು. ಎಂಜಿನ್ನಿನ ಸದ್ದಿಗೆ ಆ ಕೂಗು ಅವರ ಬಾಯಿಂದ ಹೊರಗೆ ಬಂದಿತೋ ಇಲ್ಲವೋ. ಸಣ್ಣಬೀರಪ್ಪನೂ ಓಡಿ ತನ್ನ ಟವೆಲ್ ಬೀಸಿದ. ವಿಮಾನ ಎದುರಿಂದ ಜೋರಾಗಿ ಬಂತು.

ಹಿಂದೆ ನಿಂತ ಕೊಕ್ಕನೂರಿನವರಿಗೆ ಅದು ಬೀಳ್ಕೊಡುವ ರೀತಿಯೆಂದು ಕಂಡಿತು. ದೊಡ್ಡವರು ಬೀಸುವಾಗ ಸುಮ್ಮನಿರುವುದು ಹೇಗೆ? ಅವರೂ ಟವೆಲ್ ತೆಗೆದು ಬೀಸಿದರು, ಒಬ್ಬ ಸಿಳ್ಳೆ ಹಾಕಿದ. ಪೈಲಟ್ ಆ ಗದ್ದಲ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ವಿಮಾನ ಮುಂದೆ ದಾಟಿ ಹೋಗುವಾಗ ಗಾಜಿನ ಹಿಂದೆ ಅಕ್ಕನಾಗಮ್ಮನ ಬಳೆಗೈ ಮೇಲೆದ್ದು ಹೋಗಿಬರುತ್ತೇನೆ ಎಂಬಂತೆ ಆಡಿತು. ಸಣ್ಣಬೀರಪ್ಪ ಎರಡೂ ಕೈ ಅಡ್ಡ ಮಾಡಿ ಬ್ಯಾಡ ಬ್ಯಾಡ ಎಂದ. ಅವಳು ನಕ್ಕಳು. ಅವಳು ನಕ್ಕದ್ದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಪಟ್ಟಿ ಮುಗಿಯುತ್ತ ಬಂದರೂ ಚಕ್ರ ನೆಲ ಬಿಡಲಿಲ್ಲ. ತುದಿಯಲ್ಲಿ ಬಿಟ್ಟಿತು. ಎದ್ದಿತು, ಎದ್ದಿತು ಎಂದು ಸಣ್ಣಬೀರಪ್ಪ ಕೂಗಿದ. ಜಾಲಿಮರದ ಸಾಲು ದಾಟಿಸಲು ಪೈಲಟ್ ಮೂತಿಯನ್ನು ಮೇಲಕ್ಕೆತ್ತಿದ, ವಿಮಾನ ಗಾಳಿಯಲ್ಲಿ ಒಂದು ಗಳಿಗೆ ನಿಂತಂತಾಯಿತು, ಎಡರೆಕ್ಕೆ ಕೆಳಗೆ ವಾಲಿತು, ಮರದಾಚೆ ಇಳಿದುಹೋಯಿತು. ಸದ್ದು ಆಮೇಲೆ ಕೇಳಿಸಿತು. ಅಂಥ ದೊಡ್ಡ ಸದ್ದೇನಲ್ಲ, ಲಾರಿಯಿಂದ ಚೀಲ ಜಾರಿಬಿದ್ದಷ್ಟೇ.

ರೈತರು ಇವರಿಗಿಂತ ಮೊದಲು ಓಡಿದರು. ಕಬ್ಬಿನ ಗದ್ದೆಯ ಕೆಸರಿನಲ್ಲಿ ವಿಮಾನ ಮುಂದಲೆ ಹುಗಿದು ಬಿದ್ದಿತ್ತು. ಬೆಂಕಿ ಹತ್ತಲಿಲ್ಲ, ಪೆಟ್ರೋಲಿನ ವಾಸನೆ ಮಾತ್ರ ಮೂಗಿಗೆ ಹೊಡೆಯುತ್ತಿತ್ತು. ಕಾಟಪ್ಪ ಕುಡುಗೋಲಿನಿಂದ ಸೀಟಿನ ಪಟ್ಟಿ ಕೊಯ್ದು ನಯನಾಳನ್ನು ಹೊರಗೆಳೆದ. ಅವಳಿಗೆ ಜೀವವಿತ್ತು. ಪೈಲಟ್‌ಗೂ ಇತ್ತು, ಮೂರನೇ ದಿನ ಹೋದ. ಅಕ್ಕನಾಗಮ್ಮನನ್ನು ಸಣ್ಣಬೀರಪ್ಪನೇ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆದು ಬಂದ. ಮೈಯಲ್ಲಿ ಒಂದು ಗಾಯವೂ ಕಾಣಲಿಲ್ಲ. ಹೆಗಲಿಗೆ ಅವಳ ಪೂರ್ತಿ ಭಾರ ಗೊತ್ತಾಗುತ್ತಿತ್ತು.

ಮುರುಗೇಶಪ್ಪನವರು ಡಾಂಬರಿನ ಮೇಲೆಯೇ ಕೂತಿದ್ದರು. ಯಾರು ಎಬ್ಬಿಸಿದರೂ ಏಳಲಿಲ್ಲ.

ಹತ್ತು ದಿನದ ಮೇಲೆ ವಿಚಾರಣೆಗೆ ದಿಲ್ಲಿಯ ಕಡೆಯಿಂದ ಇಬ್ಬರು ಸಾಹೇಬರು ಅಂಗಡಿಗೆ ಬಂದರು. ಚೀಟಿ ನೋಡಿದರು, ಮುದ್ರೆ ನೋಡಿದರು. ತಾವೇ ತಂದಿದ್ದ ಐವತ್ತು ಕಿಲೋದ ತೂಕದ ಕಲ್ಲನ್ನು ಕಾಟಾದ ಮೇಲಿಡಿಸಿ ಬಗ್ಗಿ ಗೀರು ನೋಡಿದರು. ಐವತ್ತಕ್ಕೆ ಸರಿಯಾಗಿ ಐವತ್ತು ತೋರಿಸಿತು. ಪಾಪ, ಆ ಕಾಟಾ ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದ್ದಲ್ಲ. ಕೂಗಿ ತೋರಿಸು ಎಂದು ಅವರು ಸಣ್ಣಬೀರಪ್ಪನಿಗೆ ಹೇಳಲಿಲ್ಲ.

ಅವನೇ ಮುಂದೆ ಬಂದ. "ಸಾಹೇಬ್ರೆ, ಕಾಟಾ ಸರಿ ಐತ್ರಿ. ತಪ್ಪಿದ್ದು ನನ್ನ ಬಾಯಿ," ಎಂದ.

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಕಚೇರಿಯವನು ಮುರುಗೇಶಪ್ಪನವರ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು. "ಮುದುಕ, ಅಳ್ತಾನೆ ಸರ್," ಎಂದು ಅವನು ಇಂಗ್ಲಿಷಿನಲ್ಲಿ ತಿಳಿಸಿದ. ಸಾಹೇಬರು ಸಣ್ಣಬೀರಪ್ಪನ ಬೆನ್ನು ತಟ್ಟಿ ಜೀಪು ಹತ್ತಿದರು. ಬಿಸಿಲು, ಗಾಳಿ, ಗಿಡ್ಡ ದಾರಿ ಎಂದು ಏನೇನೋ ಬರೆದುಕೊಂಡರಂತೆ.

ಮನೆಗೆ ಹೋಗಿ ಕೆಂಚಕ್ಕನ ಮುಂದೆ ಎಲ್ಲ ಹೇಳಿದ. 

"ನಯನಮ್ಮಗೆ ಹೇಳು," ಎಂದಳು ಅವಳು. "ತಾಯಿ ಕಳ್ಕೊಂಡಾಕಿ ಆಕಿ. ಬೈದ್ರೆ ಬೈಲಿ, ಉಗುಳಿದ್ರೆ ಉಗುಳ್ಲಿ. ಆಕಿಗೆ ಗೊತ್ತಾಗ್ಬೇಕು."

ದಾವಣಗೆರೆಯ ಆಸ್ಪತ್ರೆಯಲ್ಲಿ ನಯನಾ ಒಂದು ಕಾಲು, ಒಂದು ಕೈಗೆ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಸಣ್ಣಬೀರಪ್ಪ ಹೋದಾಗ ಮುರುಗೇಶಪ್ಪನವರು ಮಂಚದ ಪಕ್ಕ ಸ್ಟೂಲಿನ ಮೇಲಿದ್ದರು. ಅವಳನ್ನು ಎಳೆದು ಉಳಿಸಿದ ಕಾಟಪ್ಪ ನಾಲ್ಕು ಎಳನೀರು ಹಿಡಿದು ನೋಡಲು ಬಂದು ಬಾಗಿಲ ಹತ್ತಿರ ನಿಂತಿದ್ದ. ಕೂಡ್ರಿ ಎಂದರೂ ಕೂತಿರಲಿಲ್ಲ.

ಸಣ್ಣಬೀರಪ್ಪನನ್ನು ಕಂಡದ್ದೇ ನಯನಾ ಬಿಕ್ಕತೊಡಗಿದಳು.

"ಸಣ್ಣಬೀರಣ್ಣ, ನಾನೇ ಅವ್ವನ್ನ ಕೊಂದೆ."

"ಅಯ್ಯೋ, ಹಂಗ್ಯಾಕಂತಿ ತಾಯಿ?"

"ಇಳಿಸಿದ್ವಲ್ಲ ಮೂರು ಗಂಟು, ಅದ್ರಾಗೆ ಅವ್ವ ರೊಟ್ಟಿ ಸುಡೋ ಹಂಚು ಇತ್ತು. ಅದಿಲ್ದೆ ಆಕಿ ಮುಖ ಸಣ್ಣದಾಗಿತ್ತು. ಯಾರಿಗೂ ಗೊತ್ತಾಗ್ದಂಗೆ ತಗ್ದು ನನ್ನ ಬ್ಯಾಗಿನಾಗೆ ಇಟ್ಕೊಂಡೆ. ಎರಡು ಮೂರು ಕಿಲೋ ಏನಾಗ್ತೈತೆ ಅಂದ್ಕೊಂಡೆ." ಉಸಿರು ಎಳೆದುಕೊಂಡಳು. "ಏಳೋ ಹೊತ್ತಿಗೆ ಪೈಲಟ್ ಕೂಗಿದ, ಹೆವಿ, ಟೂ ಹೆವಿ ಅಂತ. ನಾನೇ ಕೇಳೀನಿ. ಇನ್ನೂರರ ಮೇಲೆ ಒಂದು ಕಿಲೋನೂ ಬ್ಯಾಡ ಅಂದಿದ್ರು. ನಾನು ದಾಟಿಸಿದೆ."

ಸಣ್ಣಬೀರಪ್ಪ ಮಂಚದ ಕಂಬಿ ಹಿಡಿದು ನೆಲಕ್ಕೆ ಕೂತ. ಇನ್ನು ಯಾರ ಅಪ್ಪಣೆಯೂ ಅವನಿಗೆ ಬೇಕಾಗಿರಲಿಲ್ಲ.

"ಅಲ್ಲ ತಾಯಿ, ನಾನು. ಚೀಟಿ ತೂಕ ಸುಳ್ಳು. ನಮ್ಮ ಅಂಗಡ್ಯಾಗೆ ತೂಕ ತೂಕಕ್ಕೂ ಎರಡು ಕಿಲೋ ಕಳೆದು ಕೂಗ್ತೀವಿ, ಸೂಟು ಅಂತ. ಆವತ್ತೂ ಹಂಗೇ ಕೂಗಿಬಿಟ್ಟೆ. ನಿನ್ನದ್ರಾಗೂ, ಅವ್ವಾರದ್ರಾಗೂ, ಗಂಟಿನಾಗೂ. ಇಪ್ಪತ್ತಾರು ಕಿಲೋ. ನಿನ್ನ ಹಂಚು ಯಾವ ಲೆಕ್ಕ? ಕೊಂದೋನು ನಾನು."

ನಯನಾ ಅವನನ್ನೇ ನೋಡಿದಳು. ಅಳು ನಿಂತಿತು. ಅವಳ ಮುಖದಲ್ಲಿ ಏನೋ ಒಂದು ಸಡಿಲವಾಗಲು ಹೊರಟಿತು. ತಂದೆಯ ಕಡೆ ತಿರುಗಿದಳು.

"ಹೌದಾ ಅಪ್ಪಾಜಿ?"

ಮುರುಗೇಶಪ್ಪನವರು ಬಾಗಿಲ ಕಡೆ ನೋಡಿದರು. ಕಾಟಪ್ಪ ಎಳನೀರಿನ ಗೊಂಚಲು ಕೆಳಗಿಟ್ಟು ಮತ್ತೆ ಎತ್ತಿಕೊಂಡ.  ಹೌದು ಎಂದರೆ ಅಂಗಡಿಯ ಮಾನ ಹೋಗುವುದಷ್ಟೇ ಅಲ್ಲ, ಬೇಲಿಯ ಹತ್ತಿರ ಅಮುಕಿದ ಆ ಕೈಯನ್ನೂ ಒಪ್ಪಿಕೊಳ್ಳಬೇಕು. ಅದನ್ನು ಒಪ್ಪಿಕೊಂಡು ಬದುಕುವ ಶಕ್ತಿ ಅವರಿಗಿರಲಿಲ್ಲ.

"ಇಲ್ಲವ್ವ," ಎಂದರು. "ನಮ್ಮ ಅಂಗಡ್ಯಾಗೆ ಅಂಥದ್ದೆಲ್ಲ ಎಲ್ಲೈತೆ? ಇವ್ನು ದುಃಖದಾಗೆ ಏನೇನೋ ಅಂತಾನೆ."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು.  ನಯನಾ ಕಣ್ಣು ಮುಚ್ಚಿಕೊಂಡಳು. ಕಾಟಪ್ಪ ಎಳನೀರನ್ನು ಅಲ್ಲೇ ಗೋಡೆಗಿಟ್ಟು ಸದ್ದಿಲ್ಲದೆ ಹೊರಗೆ ನಡೆದ.

ಸಣ್ಣಬೀರಪ್ಪ ಓಡಿಹೋಗಿ ವರಾಂಡದಲ್ಲಿ ಅವನ ಕೈ ಹಿಡಿದ.

"ಕಾಟಣ್ಣ, ಕೇಳಿದ್ಯಲ್ಲ? ನಾ ಹೇಳಿದ್ದು ಖರೇ ಐತೆ. ನಿಮಗೆಲ್ಲ ಮೋಸ ಮಾಡೀವಿ. ಬೇಕಾದ್ರೆ ಕೆರ ತಗೊಂಡು ಹೊಡಿ."

ಕಾಟಪ್ಪ ಅವನನ್ನು ಮರುಕದಿಂದ ನೋಡಿದ.

"ಗೊತ್ತೈತೆ ಬಿಡೋ ಬೀರಣ್ಣ. ನಾವೇನು ಸಣ್ಣ ಮಕ್ಕಳಾ? ನಮ್ಮೂರ ಸೊಸೈಟಿ ಕಾಟಾದಾಗೆ ತೂಗ್ಕೊಂಡೇ ಬರ್ತೀವಿ. ಎರಡು ಕಿಲೋ ಹೊಡಿತಾರೆ ಅಂತ ಇಡೀ ಕೊಕ್ಕನೂರಿಗೆ ಗೊತ್ತೈತೆ, ಮಾಯಕೊಂಡದೋರಿಗೂ ಗೊತ್ತೈತೆ. ಬ್ಯಾರೆ ಅಂಗಡ್ಯಾಗೆ ಮೂರು ಹೊಡಿತಾರೆ ಅಂತ ನಿಮ್ಮಲ್ಲಿಗೆ ಬರ್ತೀವಿ."

ಸಣ್ಣಬೀರಪ್ಪನಿಗೆ ಬೇಲಿಯ ಹತ್ತಿರದ್ದು ನೆನಪಾಯಿತು. ಆ ಅರ್ಧ ನಿಮಿಷ, ಆ ಬಾಯಿ ಮುಚ್ಚಿಸಿದ್ದು, ಇವರಿಗೆ ಗೊತ್ತಾಗಬಾರದೆಂದು. ಗೊತ್ತಿದ್ದವರಿಗೆ ಗೊತ್ತಾಗಬಾರದೆಂದು.

"ಹಂಗಾದ್ರೆ ಒಳಗ ಬಾ," ಎಂದು ಕೈ ಎಳೆದ. "ಕಾಲಿಗೆ ಬೀಳ್ತೀನಿ. ಆ ಹುಡುಗಿಗೆ ಒಂದು ಮಾತು ಹೇಳು. ನೀ ಹೇಳಿದ್ರೆ ನಂಬ್ತಾಳೆ, ಜೀವ ಉಳಿಸಿದೋನು ನೀನು."

ಕಾಟಪ್ಪ ಒಮ್ಮೆ ಒಳಗೆ ಇಣುಕಿದ. ಕಿಟಕಿಯ ಹತ್ತಿರದ ಬೆನ್ನು ಇನ್ನೂ ಅಲ್ಲೇ ಇತ್ತು.

"ಸಾವ್ಕಾರ್ರ ಮುಂದೆ ನಾ ಹೆಂಗೆ ಹೇಳ್ಲಿ?" ಎಂದ ತಗ್ಗಿದ ದನಿಯಲ್ಲಿ. "ಅವ್ರು ಇಲ್ಲ ಅಂದ ಮಾತನ್ನ ನಾನು ಹೌದು ಅನ್ನಾಕಾಗ್ತೈತಾ? ಮನೆ ಯಜಮಾನ್ತಿ ಕಳ್ಕೊಂಡು ಕುಂತಾರೆ. ಮುಂದಿನ ಫಸಲು ತಗೊಂಡು ನಾ ಮತ್ತೆ ಅವರ ಮುಂದೇನೇ ನಿಲ್ಬೇಕು. ನನ್ನ ಕೈಲಿ ಆಗಲ್ಲಪ್ಪ."

ಮೆಲ್ಲಗೆ ಕೈ ಬಿಡಿಸಿಕೊಂಡು ಮೆಟ್ಟಿಲು ಇಳಿದು ಹೋದ.

ಸಣ್ಣಬೀರಪ್ಪ ಒಳಗೆ ಬಂದ. ಮತ್ತೆ ಹೇಳಬೇಕೆಂದೇ ಬಂದ. ಕಾಟಾದ ಮೇಲೆ, ದೇವರ ಮೇಲೆ, ಕೆಂಚಕ್ಕನ ಮೇಲೆ ಆಣೆ ಮಾಡಿ ಹೇಳಬೇಕೆಂದು ಮಂಚದ ಪಕ್ಕ ಕೂತ. ಬಾಯಿ ತೆರೆದರೆ ಅಳುವಲ್ಲದೆ ಮತ್ತೇನೂ ಹೊರಡಲಿಲ್ಲ. ನಯನಾ ಕಣ್ಣು ಬಿಟ್ಟಳು. ಪಟ್ಟಿಯಿಲ್ಲದ ಕೈಯನ್ನು ಕಷ್ಟಪಟ್ಟು ಚಾಚಿ ಅವನ ನರೆತ ತಲೆಯ ಮೇಲಿಟ್ಟಳು.

"ನನ್ನ ಪಾಪ ನಿನ್ನ ಮೇಲೆ ಹಾಕ್ಕೋಬ್ಯಾಡ ಸಣ್ಣಬೀರಣ್ಣ. ನಿನ್ನ ಮನಸ್ಸು ನನಗೆ ಗೊತ್ತಿಲ್ವಾ?" ಎಂದಳು. "ಅಳಬ್ಯಾಡ ಸುಮ್ನಿರು. ನಿಂದೇನೂ ತಪ್ಪಿಲ್ಲ. ನೀನು ಸರಿಯಾಗೇ ತೂಗಿದ್ದಿ."